ಸೌಖ್ಯದ ಶಂಖ ಊದದ ಮನೆ

ಬಹಳ ಬಹಳ ಹಿಂದೆ, ಜನ ಮೋಡಕ್ಕೆ ಹಗ್ಗ ಬಿಗಿದು ದೋಣಿ ನಡೆಸುತ್ತಿದ್ದ ಕಾಲದಲ್ಲಿ, ಮುಗಿಲಪಟ್ಟಣವೆಂಬ ರಾಜ್ಯವಿತ್ತು. ಅಲ್ಲಿ ರಾಜನ ಪರವಾಗಿ ಮನೆಮನೆಯ ಸೌಖ್ಯ ವಿಚಾರಿಸುವ ಕೆಲಸ ಬೊಮ್ಮಕ್ಕನದು. ವರ್ಷಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕು. ಯಜಮಾನ ಕೊಟ್ಟ ಬೆಲ್ಲ ತಿಂದು ನೀರು ಕುಡಿಯಬೇಕು. "ಎಲ್ಲ ಸೌಖ್ಯವೇ?" ಎಂದು ಅವನನ್ನು ಕೇಳಬೇಕು. ಅವನು "ಸೌಖ್ಯ" ಎಂದರೆ ಸಂಜೆಯೊಳಗೆ ಅಂಗಳದಲ್ಲಿ ಶಂಖ ಊದಬೇಕು. ಶಂಖ ಊದಿದ ಮನೆಯ ಬಾಗಿಲನ್ನು ಮುಂದಿನ ವರ್ಷದವರೆಗೆ ಯಾರೂ ತಟ್ಟುವಂತಿರಲಿಲ್ಲ. ತಟ್ಟಿದ ಕೈ ಅಲ್ಲೇ ಕಲ್ಲಾಗುತ್ತಿತ್ತು.

ಅದೇ ಶಂಖವನ್ನು ತಿರುಗಿಸಿ ಊದಿದರೆ ಅಸೌಖ್ಯದ ದನಿ ಬರುತ್ತದೆ, ಊರಿಗೆ ಊರೇ ಓಡಿಬರಬೇಕು ಎಂದೂ ನಿಯಮವಿತ್ತು. ಆ ದನಿ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಅಷ್ಟೊಂದು ಸುಖದ ರಾಜ್ಯ ಅದು!

ಬೊಮ್ಮಕ್ಕ ನಾಲ್ಕು ದಿಕ್ಕು ಸುತ್ತಿದವಳು. ತನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ ಎಂದು ಅವಳಿಗೆ ಗಟ್ಟಿ ನಂಬಿಕೆ. ಅವಳ ಕತ್ತೆ ಗುಂಡಾಜಿಗೆ ರೆಕ್ಕೆಯೂ ಇತ್ತು, ಮಾತೂ ಇತ್ತು. ಎರಡರಲ್ಲಿ ಮಾತಿನ ಓಟವೇ ಜಾಸ್ತಿ.

ಆ ಮಧ್ಯಾಹ್ನ ಅವರು ಇಳಿದದ್ದು ಜೀವಪ್ಪನ ಅಂಗಳಕ್ಕೆ. ಜೀವಪ್ಪನ ಅಣ್ಣ ಹಂಪಯ್ಯ ಒಂದು ಕಾಲಕ್ಕೆ ಮೋಡದ ದೋಣಿಯ ಅಂಬಿಗ. ಮೇಲಿಂದ ಬಿದ್ದು ಕಾಲಿನ ಸ್ವಾಧೀನ ಹೋದ ಮೇಲೆ ತಮ್ಮನೇ ನೋಡಿಕೊಳ್ಳುತ್ತಿದ್ದ. ಊರೆಲ್ಲ ಜೀವಪ್ಪನಿಗೆ ಕೈಮುಗಿಯುತ್ತಿತ್ತು.

"ಬನ್ನಿ ತಾಯೀ, ಬೆಲ್ಲ ತಗೊಳ್ಳಿ" ಎಂದ ಜೀವಪ್ಪ.

ಬೊಮ್ಮಕ್ಕ ಬೆಲ್ಲ ಬಾಯಿಗೆ ಹಾಕಿಕೊಂಡಳು. ಆಹಾ! ಮನೆ ಬೆಳಗಿತು. ಮೂಲೆಯಲ್ಲಿ ಕೂತ ಹಂಪಯ್ಯ ನಗುತ್ತಿರುವಂತೆ ಕಂಡ. "ಎಲ್ಲ ಸೌಖ್ಯವೇ?" ಎಂದಳು. "ಸೌಖ್ಯ" ಎಂದ ಜೀವಪ್ಪ. "ಎಂಥ ತಮ್ಮನಪ್ಪ!" ಎಂದು ಕಣ್ಣೊರೆಸಿಕೊಳ್ಳುತ್ತಾ ಹೊರಬಂದು ಶಂಖ ತುಟಿಗಿಟ್ಟಳು.

ಗುಂಡಾಜಿ ಅವಳ ಸೆರಗು ಹಿಡಿದೆಳೆದ. "ಊದಬೇಡ ಅಕ್ಕಾ! ಕತ್ತೆಗೆ ಯಾರೂ ಬೆಲ್ಲ ಕೊಡಲ್ಲ. ಅದಕ್ಕೇ ನಾನು ಕಂಡೆ. ತಮ್ಮ ನೊಣ ಹೊಡೆಯೋಕೆ ಕೈ ಎತ್ತಿದ, ಅಣ್ಣ ಎರಡೂ ಕೈಲಿ ತಲೆ ಮುಚ್ಕೊಂಡ."

"ಏನೋ ಬೊಗಳ್ತೀಯ?"

"ಬೊಗಳೋದು ನಾಯಿ. ಇದನ್ನ ಅಗಿ, ಆಮೇಲೆ ಇಣುಕಿ ನೋಡು."

ಕತ್ತೆ ಕೊಟ್ಟ ಬೇವಿನ ಸೊಪ್ಪನ್ನು ಬೊಮ್ಮಕ್ಕ ಮುಖ ಕಿವುಚಿಕೊಂಡು ಅಗಿದಳು. ಸಿಹಿ ಇಳಿಯಿತು. ಕಿಟಕಿಯಲ್ಲಿ ಇಣುಕಿದಳು. ಹಂಪಯ್ಯನ ಮೊಣಕೈಯಲ್ಲಿ ಕಂದಿದ ಬರೆ. ಅವನು ಓಡಾಡುತ್ತಿದ್ದ ಗಾಲಿಮಣೆ ಕೈಗೆಟುಕದ ಅಟ್ಟದ ಮೇಲೆ. ಅವನ ಮೈಯೋ, ಗಾಜಿನ ಹಾಗೆ, ಹಿಂದಿನ ಗೋಡೆ ಕಾಣುವಷ್ಟು ತೆಳ್ಳಗಾಗಿತ್ತು. ಒಲೆಯ ಮುಂದೆ ಜೀವಪ್ಪ ಅಣ್ಣನ ದನಿಯನ್ನು ಎಳೆಎಳೆಯಾಗಿ ಸೆಳೆದು ಬಾಣಲೆಗೆ ಹಾಕಿ ಬೆಲ್ಲ ಕಾಯಿಸುತ್ತಿದ್ದ. ಅಣ್ಣನ ದನಿ ಯಾರ ಕೈಲಿತ್ತೋ ಅವನ ಮಾತನ್ನೇ ಆ ಮನೆಯ ಪ್ರಾಣಿಗಳು ಕೇಳುತ್ತಿದ್ದವು, ಅಣ್ಣನ ದನಿಯ ಬೆಲ್ಲ ತಿಂದವರೆಲ್ಲ ತಮ್ಮನನ್ನು ಹೊಗಳುತ್ತಿದ್ದರು. ಇನ್ನೊಂದು ವರ್ಷ ಆ ಬಾಗಿಲು ಮುಚ್ಚಿದರೆ ಹಂಪಯ್ಯ ಇದ್ದ ಜಾಗದಲ್ಲಿ ಬರೀ ಗೋಡೆ ಉಳಿಯುತ್ತಿತ್ತು.

ಸೂರ್ಯ ಆಗಲೇ ವಾಲಿದ್ದ. ಬೊಮ್ಮಕ್ಕ ಮತ್ತೆ ಹೊಸ್ತಿಲೇರಿದಳು.

"ಮತ್ತೆ ಬಂದಿರಾ? ಇನ್ನೊಂದು ಚೂರು ಬೆಲ್ಲ?"

"ಇವತ್ತು ಒಪ್ಪೊತ್ತು ಕಣಪ್ಪ, ಮರೆತೇಬಿಟ್ಟಿದ್ದೆ. ಇನ್ನು ತಿಂದ್ರೆ ದೇವರು ಸುಮ್ನಿರ್ತಾನಾ?"

ಹಬ್ಬ, ವ್ರತ ಎಂದವರನ್ನು ಬಲವಂತ ಮಾಡುವುದು ಆ ರಾಜ್ಯದಲ್ಲಿ ಮಾಯಗಾರರಿಗೂ ಸಲ್ಲದು. ಮೊದಲ ಗಂಡಾಂತರ ಕಳೆಯಿತು.

"ಹಂಪಯ್ಯಣ್ಣಾ, ಹೇಗಿದ್ದೀರಿ?" ಎಂದಳು. ಕಂಬದ ಮೇಲಿನ ಗೊರವಂಕ ಥೇಟ್ ಹಂಪಯ್ಯನ ದನಿಯಲ್ಲೇ, "ಚೆನ್ನಾಗಿದ್ದೀನಮ್ಮಾ, ತಮ್ಮನೇ ನನ್ನ ದೇವರು" ಎಂದು ಉಲಿಯಿತು. ಮತ್ತೆ ಕೇಳಿದರೆ ಮತ್ತೆ ಅದೇ. ತಮ್ಮನೂ ಗೊರವಂಕವೂ ಇರುವ ತನಕ ಹಂಪಯ್ಯನ ಬಾಯಿ ಬಿಡಿಸಲಾಗದು ಎಂದು ತಿಳಿದು ಬೊಮ್ಮಕ್ಕ ಕತ್ತೆಗೆ ಕಣ್ಸನ್ನೆ ಮಾಡಿದಳು.

ಗುಂಡಾಜಿ ಹಾರಿ ಮಾಡಿನ ಮೇಲಿನ ಕುಂಬಳದ ಬಳ್ಳಿಗೆ ಬಾಯಿ ಹಾಕಿದ. ಮಾಯಗಾರ ಜೀವಪ್ಪನಿಗೆ ಅಣ್ಣನಿಗಿಂತ ಕುಂಬಳದ ಮೇಲೆ ಪ್ರೀತಿ. "ಅಯ್ಯೋ, ನನ್ನ ಬಳ್ಳಿ!" ಎಂದು ಕೋಲು ಹಿಡಿದು ಓಡಿದ. ಬೈಗುಳ ಸೇರಿಸಲು ಗೊರವಂಕವೂ ಹಿಂದೆ ಹಾರಿತು. ಎರಡನೆಯದೂ ಕಳೆಯಿತು.

ಈಗ ಉಳಿದದ್ದು ಅವಳು, ಹಂಪಯ್ಯ, ಮತ್ತೆ ಬಾಗಿಲ ಹಲಗೆಯಲ್ಲಿ ಕೆತ್ತಿದ್ದ ಹುಲಿ. ಗದ್ದಲ ಕೇಳಿದರೆ ಏಳುವ ಹುಲಿ ಅದು.

"ಏಳಿ ಅಣ್ಣಾ, ಕತ್ತೆ ಮೇಲೆ ಕೂರಿಸ್ಕೊಂಡು ಹಾರಿಬಿಡ್ತೀನಿ" ಎಂದು ಪಿಸುಗುಟ್ಟಿ ಬೊಮ್ಮಕ್ಕ ಅವನ ರಟ್ಟೆ ಹಿಡಿದೆಳೆದಳು.

"ಬೇಡ! ಬಿಡು!" ಹಂಪಯ್ಯ ಹೆದರಿ ಕಿರುಚಿದ. ಹಲಗೆ ಬಿರಿಯಿತು. ಹುಲಿ ಧೊಪ್ಪನೆ ನೆಲಕ್ಕೆ ಧುಮುಕಿತು.

ಎಳೆಯುವ ಕೈ ಯಾರದಾದರೇನು, ಅವನಿಗೆ ಎರಡೂ ಒಂದೇ ಎಂದು ಬೊಮ್ಮಕ್ಕನಿಗೆ ಆಗ ಹೊಳೆಯಿತು. ಕೈಬಿಟ್ಟಳು. ಹುಲಿಯ ಬಿಸಿಯುಸಿರು ಕತ್ತಿಗೆ ತಾಗುತ್ತಿದ್ದರೂ ಅವನೆದುರು ನೆಲದ ಮೇಲೆ ಕೂತಳು.

"ತಪ್ಪಾಯ್ತಣ್ಣಾ. ಕೇಳದೆ ಎಳೆದೆ."

"ನನಗೇನಾಗಿದೆ? ಚೆನ್ನಾಗಿದ್ದೀನಿ" ಎಂದ ಹಂಪಯ್ಯ, ಗಾಳಿಯಷ್ಟು ತೆಳು ದನಿಯಲ್ಲಿ. "ಹೇಳಿದ್ರೆ ಯಾರೂ ನಂಬಲ್ಲ ಅಂದಿದಾನೆ. ಕಾಡಿಗೆ ಬಿಡ್ತಾರಂತೆ ನನ್ನ."

"ನಾನು ನಂಬ್ತೀನಿ. ಯಾರೂ ಕಾಡಿಗೆ ಬಿಡಲ್ಲ. ನಿಮಗೇನು ಬೇಕು, ಅದನ್ನ ಹೇಳಿ."

ಎಷ್ಟೋ ವರ್ಷಗಳಿಂದ ಆ ಪ್ರಶ್ನೆ ಹಂಪಯ್ಯನ ಕಿವಿಗೆ ಬಿದ್ದಿರಲಿಲ್ಲ. ಬೊಮ್ಮಕ್ಕ ಅವಸರ ಮಾಡಲಿಲ್ಲ. ಹುಲಿಯೂ ಯಾಕೋ ಕಾದಿತು.

"ನಾನ್ಯಾಕೆ ಹೋಗ್ಲಿ?" ಎಂದ ಕೊನೆಗೆ. ಒಂದೊಂದು ಮಾತಿಗೂ ದನಿ ದಪ್ಪವಾಗುತ್ತಾ ಬಂತು. "ಈ ಮನೆ ನಾನು ಕಟ್ಟಿದ್ದು. ನಾನಿಲ್ಲೇ ಇರ್ತೀನಿ. ಅವನು ಹೋಗ್ಲಿ!"

ಬಾಣಲೆ ಟಪ್ಪೆಂದು ಸೀಳಿತು. ಒಡೆಯನ ದನಿ ಕೇಳಿದ ಹುಲಿ ಬೆಕ್ಕಿನ ಹಾಗೆ ಅವನ ಪಾದ ನೆಕ್ಕಿತು.

"ನಾಲ್ಕು ಜನರನ್ನ ಕರೀಲಾ ಅಣ್ಣಾ?"

"ಕರಿ. ನಾನೇ ಹೇಳ್ತೀನಿ."

ಬೊಮ್ಮಕ್ಕ ಶಂಖ ತಿರುಗಿಸಿ ಊದಿದಳು. ಗುಡುಗನ್ನು ಮಡಕೆಯೊಳಗೆ ಹಾಕಿ ಕುಲುಕಿದಂಥ ದನಿ! ಬೀದಿಯವರು, ಪೇಟೆಯವರು, ಸೌಟು ಹಿಡಿದವರು, ಅರ್ಧ ಕ್ಷೌರವಾದವರು ಎಲ್ಲ ಓಡಿಬಂದರು. ರಾಜನೂ ಬಂದ, ಕಿರೀಟ ಸೊಟ್ಟಗೆ.

"ಅಣ್ಣನಿಗೆ ಬುದ್ಧಿಭ್ರಮಣೆ ಸ್ವಾಮೀ..." ಎಂದು ಜೀವಪ್ಪ ಶುರುಮಾಡಿದ. ಬೆಲ್ಲದ ಬಲವಿಲ್ಲದ ಅವನ ಮಾತು ಹರಿದ ತಮಟೆಯ ಹಾಗೆ ಕೇಳಿಸಿತು. ಹಂಪಯ್ಯ ತೋಳೆತ್ತಿ ಬರೆ ತೋರಿಸಿದ, ನಡೆದದ್ದನ್ನೆಲ್ಲ ತಾನೇ ಹೇಳಿದ. ಅವನು ಹೇಳುತ್ತಾ ಹೋದಂತೆ ಮೈಗೆ ಬಣ್ಣ ತುಂಬುತ್ತಾ ಬಂತು.

ರಾಜ ಜೀವಪ್ಪನ ಮಾಯೆಯನ್ನು ಕಿತ್ತುಕೊಂಡು ಗಡಿಯಾಚೆಗೆ ಅಟ್ಟಿದ. ತಿರುಗಿ ಬರುವ ಆಸೆ ಹುಟ್ಟದಂತೆ ಹುಲಿ ಗಡಿಯವರೆಗೆ ಬೀಳ್ಕೊಟ್ಟು ಬಂತು. ಇನ್ನು ಮುಂದೆ ಯಜಮಾನನನ್ನಲ್ಲ, ಮನೆಯ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು ಸೌಖ್ಯ ಕೇಳಬೇಕೆಂದು ರಾಜ ಡಂಗುರ ಸಾರಿಸಿದ. ಆ ವರ್ಷ ಶಂಖ ಇನ್ನೂ ಹಲವು ಮನೆಗಳ ಮುಂದೆ ಗುಡುಗಿತು. ಸುಖದ ರಾಜ್ಯವೆಂಬ ಹೆಸರು ಕೊಂಚ ಕೆಟ್ಟಿತು, ಸುಖ ಮಾತ್ರ ಹೆಚ್ಚಿತು.

ಹಂಪಯ್ಯ ಊರವರ ಕೈಲಿ ಅಟ್ಟದಿಂದ ಗಾಲಿಮಣೆ ಇಳಿಸಿಕೊಂಡ. ಆರೈಕೆಗೆ ಯಾರು ಬೇಕೆಂದು ತಾನೇ ಆರಿಸಿಕೊಂಡ. ಮರುದಿನ ಬೆಳಗ್ಗೆ ಬೊಮ್ಮಕ್ಕ ಹೊರಗಿನಿಂದ ಕೂಗಿದಳು: "ಅಣ್ಣಾ, ಇವತ್ತು ಏನು ಮಾಡ್ತೀರಿ?"

"ಮಧ್ಯಾಹ್ನದವರೆಗೂ ನಿದ್ದೆ" ಎಂದ ಹಂಪಯ್ಯ ಒಳಗಿಂದ. "ಹೋಗಮ್ಮ, ಬಾಗಿಲು ಎಳ್ಕೊಂಡು ಹೋಗು."

ಅವಳು ಬಾಗಿಲು ಎಳೆದುಕೊಂಡಳು. ಅವನು ಮಧ್ಯಾಹ್ನದವರೆಗೂ ಮಲಗಿದ. ಯಾರೂ ಎಬ್ಬಿಸಲಿಲ್ಲ.