ಎರಡೂ ಕಪ್ಪೇ

ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ. ಮೊನ್ನೆ ಕಾರ್ಖಾನೆಯ ಬಿಸಿ ಪ್ರೆಸ್ಸಿನ ಕೆಳಗೆ ಸಿಕ್ಕಿ ಸತ್ತವನು ಅವಳ ಗಂಡ. ಆ ಪ್ರೆಸ್ಸಿನ ಸಿಲಿಂಡರಿಗೆ ಅದೇ ವಾರ ಎಣ್ಣೆ ಸೋರದಂತೆ ಹೊಸ ರಬ್ಬರ್ ಸೀಲ್ ಹಾಕಿದ ಫಿಟ್ಟರ್ ಅವಳ ತಮ್ಮ. ತಪ್ಪು ಸೀಲ್ ಹಾಕಿ ಭಾವನನ್ನೇ ಕೊಂದನೆಂದು ಮ್ಯಾನೇಜರ್ ದೂರು ಕೊಟ್ಟು, ಎಫ್‌ಐಆರ್ ಆಗಿ ಒಂದು ಗಂಟೆಯಾಗಿತ್ತು. ಸಂಜೆಯೊಳಗೆ ಬಂಧನವಾಗಬೇಕೆಂದು ಮೇಲಿನಿಂದ ಫೋನೂ ಬಂದಿತ್ತು.

"ಗಂಡನ್ನ ಕಳಿಸಿಕೊಟ್ಟು ಬಂದಿದೀನಿ ಮೇಡಂ. ತಮ್ಮನ್ನೂ ಕಿತ್ಕೊಂಡ್ರೆ ನನಗೆ ಅಂತ ಯಾರೂ ಇಲ್ಲ."

ಇನ್‌ಸ್ಪೆಕ್ಟರ್ ಟೋಪಿ ತೆಗೆದುಕೊಂಡು ಎದ್ದರು.

11.45ಕ್ಕೆ ಪಂಚರ ಮುಂದೆ ಸಿಲಿಂಡರ್ ಬಿಚ್ಚಿಸಿ ಪಂಚನಾಮೆ ಮಾಡಿದರು. ಮೆತ್ತಗಿರಬೇಕಾದ ರಬ್ಬರ್ ಉಂಗುರ ಒಣ ತೊಗಟೆಯಂತೆ ಬಿರುಕು ಬಿಟ್ಟಿತ್ತು. ಹೆಡ್ ಕಾನ್‌ಸ್ಟೇಬಲ್ ಅದನ್ನು ಒತ್ತಿ ನೋಡಲು ಹೋದರು.

"ಸಾಕ್ಷಿ ಕಣ್ರೀ ಅದು. ಉಗುರು ಇಡಬೇಡಿ."

ಅಲ್ಲೇ ನಿಲ್ಲಿಸಿದ್ದ ಫಿಟ್ಟರನಿಗೆ ಬಿರುಕು ನೋಡಿದ ಕೂಡಲೇ ಗೊತ್ತಾಯಿತು. ಅದು ನೈಟ್ರೈಲ್ ರಬ್ಬರ್, ಸಾಮಾನ್ಯ ಎಣ್ಣೆಗೆ ಸರಿ, ಈ ಪ್ರೆಸ್ಸಿನ ಕಾವಿಗೆ ಬೆಂದು ಗಟ್ಟಿಯಾಗುತ್ತದೆ. ಬಿರುಕಿನಲ್ಲಿ ಎಣ್ಣೆ ಜಾರಿದರೆ ಮೇಲೆತ್ತಿದ ಪ್ಲೇಟ್ ತಾನಾಗಿ ಕೆಳಗೆ ಬರುತ್ತದೆ. ಇಲ್ಲಿಗೆ ಕಾವು ತಡೆಯುವ ವೈಟಾನೇ ಬೇಕು.

"ಹಾಕೋವಾಗ ಕಣ್ಣು ಎಲ್ಲಿತ್ತು?"

"ಎರಡೂ ಕಪ್ಪೇ, ಮೇಡಂ. ಪೊಟ್ಟಣದಿಂದ ಆಚೆ ಬಂದ ಮೇಲೆ ಯಾರಪ್ಪನ ಕೈಲೂ ಹೇಳೋಕಾಗಲ್ಲ. ಚೀಟಿ ಒಂದೇ ಗುರುತು."

ನೈಟ್ರೈಲ್ ಚೀಟಿಯ ಖಾಲಿ ಪೊಟ್ಟಣ ಇವನ ಪೆಟ್ಟಿಗೆಯಲ್ಲೇ ಸಿಕ್ಕಿತೆಂದು ಮ್ಯಾನೇಜರ್ ಹೇಳಿದ್ದ. ಫಿಟ್ಟರ್ ಅದನ್ನು ಕಂಡೇ ಇಲ್ಲವೆಂದ. ಸ್ಟೋರ್‌ಕೀಪರ್ ಪೊಟ್ಟಣ ತಾನೇ ಒಡೆದು, ಸೀಲನ್ನು ಎಣ್ಣೆಯಲ್ಲಿ ಅದ್ದಿ ಬಂದವರ ಬೆರಳಿಗೆ ಸಿಕ್ಕಿಸಿ ಕಳಿಸುತ್ತಾನೆ. ಖಾಲಿ ಪೊಟ್ಟಣ ಅವನ ಕುರ್ಚಿಯ ಹಿಂದಿನ ಚೀಲಕ್ಕೆ. ಇಪ್ಪತ್ತಾರು ವರ್ಷದ ರೂಢಿ. ಕಣ್ಣು ಕಟ್ಟಿ ಬಿಟ್ಟರೂ ಸರಿಯಾದ ಸೀಲ್ ತೆಗೆದುಕೊಡುತ್ತಾನೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು.

ಚೀಲ ಸುರಿಸಿ ನೋಡಿದರು. ಆ ವಾರ ಒಡೆದ ಉಳಿದೆಲ್ಲ ಪೊಟ್ಟಣಗಳೂ ಅಲ್ಲಿದ್ದವು. ಒಂದಕ್ಕೆ ಮಾತ್ರ ಕಾಲು ಬಂದು ಫಿಟ್ಟರನ ಪೆಟ್ಟಿಗೆ ಸೇರಿತ್ತು.

2.30. ಸ್ಟೋರಿನ ಕಪಾಟುಗಳಿಗೆ ಹೊಸ ಬಣ್ಣದ ವಾಸನೆ. ಇನ್‌ಸ್ಪೆಕ್ಟರ್ ಒಂದು ತುಂಬಿದ ಪೊಟ್ಟಣವನ್ನು ಸ್ಟೋರ್‌ಕೀಪರನ ಕೈಗಿಟ್ಟರು.

"ಏನಿದು, ಓದಿ."

ಅವನು ಪೊಟ್ಟಣದ ಮೇಲಿನಿಂದಲೇ ಉಂಗುರದ ಸುತ್ತ ಬೆರಳಾಡಿಸಿದ. "ವೈಟಾನ್. ಎಂಬತ್ತರ ಸೈಜು."

ಸೈಜು ಸರಿಯಿತ್ತು. ಆದರೆ ಅದು ನೈಟ್ರೈಲ್. ಚೀಟಿ ತಲೆಕೆಳಗಾಗಿತ್ತು; ಅವನು ತಿರುಗಿಸಿಯೂ ಇರಲಿಲ್ಲ.

"ಎಷ್ಟು ದಿನದಿಂದ ಕಾಣ್ತಿಲ್ಲ?"

ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಎರಡು ವರ್ಷ" ಎಂದ.

ಕಪಾಟಿನಲ್ಲಿ ಯಾವುದು ಎಲ್ಲಿದೆಯೆಂದು ಅವನ ಕೈಗೆ ಗೊತ್ತಿತ್ತು. ಬಣ್ಣ ಹೊಡೆದವರು ಡಬ್ಬಿಗಳನ್ನು ಅದಲುಬದಲಾಗಿ ಇಟ್ಟಿದ್ದರು. ಕೈ ಹಳೆಯ ಜಾಗಕ್ಕೇ ಹೋಯಿತು. ಸಾವಿನ ಸುದ್ದಿ ಬಂದಾಗ ಬಾಗಿಲು ಹಾಕಿಕೊಂಡು, ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ ಭೂತಗನ್ನಡಿ ಹಿಡಿದು ಖಾಲಿ ಪೊಟ್ಟಣದ ಚೀಟಿ ಓದಿದ್ದ. ಆಮೇಲೆ ಆ ಪೊಟ್ಟಣ ಹಿಡಿದು ಫಿಟ್ಟರನ ಪೆಟ್ಟಿಗೆ ಹುಡುಕಿಕೊಂಡು ಹೋಗಿದ್ದ.

"ಅವನು ಚಿಕ್ಕವನು, ಮೇಡಂ. ಹೇಗಾದ್ರೂ ಬದುಕ್ಕೊಳ್ತಾನೆ ಅಂದ್ಕೊಂಡೆ."

4.10ಕ್ಕೆ ಸ್ಟೋರ್‌ಕೀಪರನ ಬಂಧನ. ನಿರ್ಲಕ್ಷ್ಯದಿಂದ ಸಾವು, ಸುಳ್ಳು ಸಾಕ್ಷ್ಯ ಸೃಷ್ಟಿ. ಠಾಣೆಯ ಬೆಂಚಿನ ಮೇಲೆ ಅಕ್ಕ ತಮ್ಮನ ತೋಳು ಬಿಗಿಹಿಡಿದು ಕೂತಿದ್ದಳು. ಸ್ಟೋರ್‌ಕೀಪರನನ್ನು ಒಳಗೆ ಕರೆತಂದಾಗ ನೋಡಿದಳು. ಬೈಯಲಿಲ್ಲ, ಮುಖ ತಿರುಗಿಸಿದಳು.

ಅವನ ಹೇಳಿಕೆಯ ಕೊನೆಯಲ್ಲಿ ಇಷ್ಟಿತ್ತು: ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಅದೂ ಕಾರ್ಖಾನೆಯ ಆಸ್ಪತ್ರೆಯಲ್ಲಿ. ಕಣ್ಣು ಹೋಯಿತೆಂದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಆ ಹಾಸಿಗೆ ಹೋಗುತ್ತದೆ.

ಸಹಿ ಎಲ್ಲಿ ಹಾಕಬೇಕೆಂದು ಅವನಿಗೆ ಕಾಣಲಿಲ್ಲ. ಇನ್‌ಸ್ಪೆಕ್ಟರ್ ಅವನ ಬೆರಳು ಹಿಡಿದು ಗೆರೆಯ ಮೇಲಿಟ್ಟರು.

"ನಾಳೆ ಏಳಕ್ಕೆ ಅವಳ ಸರದಿ, ಮೇಡಂ. ಯಾರು ಕರ್ಕೊಂಡು ಹೋಗ್ತಾರೆ?"

ಕಾಗದದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಅವರು ತಮ್ಮ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು: ಏಳು ಗಂಟೆ.