ಹೊರಗಿನವಳಿಗೆ ಇಟ್ಟ ಹೆಸರು

"ಮನೆಮುರುಕಿ ಒಬ್ಬಳು ಒಳಗೆ ಬಂದ್ಮೇಲೆ ಅಣ್ಣತಮ್ಮಂದ್ರು ಒಂದೇ ಮನೆಯಾಗೆ ಇರಾಕೆ ಆಗ್ತೈತಾ?" ಎಂದು ಅಣ್ಣತಮ್ಮಂದಿರ ಸೋದರಮಾವ ಜಯದೇವಪ್ಪ ಎಲೆಯಡಿಕೆ ತುಂಬಿದ ಬಾಯಲ್ಲೇ ತೀರ್ಪು ಕೊಟ್ಟುಬಿಟ್ಟರು.

ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಪ್ರಮೀಳಾ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಹೊನ್ನಾಳಿಯ ಈ ಮನೆಗೆ ಹಿರಿಯ ಸೊಸೆಯಾಗಿ ಬಂದಾಗಿನಿಂದ, ಅಣ್ಣ ಬೈದದ್ದು ತಮ್ಮನ ಕಿವಿಗೆ ಬೀಳದಂತೆ ನುಂಗಿಕೊಂಡವಳು ಆಕೆ. ತಮ್ಮ ರೇಗಿದ್ದನ್ನು ನಗೆಮಾತು ಮಾಡಿ ಅಣ್ಣನಿಗೆ ಮುಟ್ಟಿಸಿದವಳು ಆಕೆ. ಪಾಲು ತೆಗೆದುಕೊಂಡು ನ್ಯಾಮತಿಯಲ್ಲಿ ಸ್ವಂತ ಬಟ್ಟೆ ಅಂಗಡಿ ಇಡುತ್ತೇನೆ ಎಂದು ಗಂಡ ಅರುಣ್ ಕುಮಾರ್ ಹಟ ಹಿಡಿದಾಗ, "ಅತ್ತೆ ಇರೋತನಕ ಬ್ಯಾಡ್ರೀ..." ಎಂದು ಕಾಲು ಹಿಡಿದವಳೂ ಆಕೆಯೇ. ಇವತ್ತು ಅದೇ ಗಂಡ, ಸೋದರಮಾವ ಪಾಲಿಗೆ ಕಾರಣ ಕೇಳಿದಾಗ, ನೆಲ ನೋಡುತ್ತ, "ನಮ್ಮನೆಯಾಕೆಗೆ ಹೊಂದ್ಕೆ ಆಗ್ತಿಲ್ಲ ಮಾವ" ಎಂದಿದ್ದ!

"ನಿನ್ನ ಮ್ಯಾಲೆ ನಂಗೆ ಸಿಟ್ಟಿಲ್ಲ ಬಿಡಣ್ಣ," ಎಂದ ಮೈದುನ ವಿನಯ್. "ನೀನೇನು ಮಾಡ್ತೀಯ, ಪಾಪ."

ಪಾಪ...! ಪ್ರಮೀಳಾ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ನೇರ ಅತ್ತೆಯ ಕೋಣೆಗೆ ಹೋದಳು.

"ಎಲ್ಲಾ ಕೇಳಿಸ್ಕೊಂಡ್ರಲ್ಲ ಅತ್ತೆ? ಈಗ್ಲೇ ಹೋಗಿ ನಿಜ ಹೇಳ್ತೀನಿ."

ಮಂಚದ ಮೇಲಿದ್ದ ಸಿದ್ದಲಿಂಗಮ್ಮ ಸೊಸೆಯ ಮುಂಗೈ ಹಿಡಿದುಕೊಂಡರು. "ಹೇಳಬ್ಯಾಡ. ಪಾಲಿನ ಆಸೆ ನಿನ್ನ ಗಂಡಂದೇ ಅಂತ ನಂಗೂ ಗೊತ್ತೈತೆ. ಅಣ್ಣನೇ ಒಡೆದ ಅಂತ ತಿಳಿದ್ರೆ ವಿನಯ ಜನ್ಮದಾಗೆ ಅವನ ಮುಖ ನೋಡಲ್ಲ. ನೀನು ಅಂತಾದ್ರೆ... ನಾಳೆ ಹಬ್ಬಕ್ಕೆ ಇಬ್ರೂ ಒಂದಾಗ್ತಾರೆ."

"ಮತ್ತೆ ನಾನು?"

"ನೀನು ಹೊರಗಿಂದ ಬಂದಾಕೆ ಕಣವ್ವ." ಮುದುಕಿಯ ದನಿ ಇಳಿಯಿತು. "ನನ್ನನ್ನೂ ಮನೆಮುರುಕಿ ಅಂತಲೇ ಕರೆದ್ರು. ಆವಾಗ ಪಾಲು ಕೇಳಿದ್ದು ನಿಮ್ಮ ಮಾವ. ಸಾಯೋವಾಗ್ಲೂ ಆಯಪ್ಪ ಬಾಯಿ ಬಿಡಲಿಲ್ಲ..."

"ಅವ್ವಾ," ಎನ್ನುತ್ತ ವಿನಯ್ ಬಾಗಿಲಿಗೆ ಬಂದ.

ಸಿದ್ದಲಿಂಗಮ್ಮನ ದನಿ ಇದ್ದಕ್ಕಿದ್ದಂತೆ ಏರಿತು. "ತಂಪಾತೇನೇ ನಿನ್ನ ಹೊಟ್ಟೆ? ಮನೆಮುರುಕಿ!"

ಸೆರಗಿನ ಮರೆಯಲ್ಲಿ ಆ ಕೈ ಮಾತ್ರ ಸೊಸೆಯ ಮುಂಗೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿತ್ತು. ಬೇಡಿಕೊಳ್ಳುತ್ತಿತ್ತೋ, ಬಾಯಿ ಮುಚ್ಚಿಸುತ್ತಿತ್ತೋ... ಪ್ರಮೀಳಾಗೆ ತಿಳಿಯಲಿಲ್ಲ. ಆ ಸುಕ್ಕುಗಟ್ಟಿದ ಬೆರಳುಗಳನ್ನೇ ನೋಡಿದಳು.

"ಹೌದು ವಿನಯ," ಎಂದಳು ಕೊನೆಗೆ. "ನಾನೇ ಹೇಳಿಕೊಟ್ಟಿದ್ದು. ನಿಮ್ಮಣ್ಣಂದು ಏನೂ ತಪ್ಪಿಲ್ಲ."

ಪಡಸಾಲೆಯಿಂದ ಅರುಣ್ ಕುಮಾರ್ ಕೂಗಿದ. "ಪ್ರಮೀಳಾ, ಚಾ ಎಲ್ಲಿ? ಮಾವ ಕಾಯ್ತಾ ಅದಾರೆ."

ಆರಿಹೋಗಿದ್ದ ಚಹಾವನ್ನು ಪಾತ್ರೆಗೆ ಸುರಿದು, ಆಕೆ ಮತ್ತೆ ಒಲೆ ಹಚ್ಚಿದಳು.