ಬೆಟ್ಟದ ಗಾಡಿಗೊಂದು ಇಂಟರ್‌ಕೂಲರ್

"ಓನರ್ ಇದಾರಾ?"

ಕಾರಿನ ಅಡಿಯಲ್ಲಿ ಮಲಗಿ ನಟ್ಟು ಬಿಗಿಯುತ್ತಿದ್ದವನು ಆ ದನಿ ಕೇಳಿದ್ದೇ ತಡ ತಲೆ ಎತ್ತಿಬಿಟ್ಟ. ಹಣೆ ಹೋಗಿ ಕಬ್ಬಿಣಕ್ಕೆ ಬಡಿಯಿತು.

"ಇದಾನೆ, ಇದಾನೆ. ಈಗ ಢಣ್ ಅಂತ ಸದ್ದಾಯ್ತಲ್ಲ, ಅವನೇ," ಎಂದಳು ಕೌಂಟರಿನಲ್ಲಿ ಕೂತಿದ್ದ ಅವನ ಅಕ್ಕ.

ಹಣೆ ಉಜ್ಜಿಕೊಳ್ಳುತ್ತಾ ಹೊರಗೆ ಜಾರಿ ಬಂದ. ಮೊದಲು ಧೂಳು ಹಿಡಿದ ಬೂಟು ಕಂಡಿತು, ಆಮೇಲೆ ಅವಳು. ಕೂದಲು ಗಿಡ್ಡ ಮಾಡಿಸಿದ್ದಳು. ಬಿಸಿಲಿಗೆ ಮುಖ ಕಂದಿತ್ತು. ಕಣ್ಣು ಮಾತ್ರ ಹಾಗೇ ಇದ್ದವು, ತುಟಿಗಿಂತ ಮೊದಲೇ ನಕ್ಕುಬಿಡುವ ಕಣ್ಣು.

ನಾಲ್ಕು ವರ್ಷದ ಹಿಂದೆ ಅವನು ರ್‍ಯಾಲಿ ಕಾರು ಓಡಿಸುತ್ತಿದ್ದ. ಪಕ್ಕದ ಸೀಟಿನಲ್ಲಿ ಕೂತು ಮುಂದಿನ ದಾರಿ ಹೇಳುವ ಕೆಲಸ ಅವಳದು. ಹೊರಗೆ ಹೆಚ್ಚು ಮಾತಾಡದವಳು ಹೆಲ್ಮೆಟ್ ಹಾಕಿದರೆ ನಿಲ್ಲಿಸುತ್ತಲೇ ಇರಲಿಲ್ಲ. ಗೆಳೆಯರೆಲ್ಲ ಅವಳನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. "ಎಡಕ್ಕೆ, ಬಿಗಿ ತಿರುವು, ಹೆದರಬೇಡ" ಎಂದು ಹೆಲ್ಮೆಟಿನೊಳಗಿನ ಸ್ಪೀಕರಿನಲ್ಲಿ ಅವಳು ಹೇಳಿದರೆ, ಅವನು ಕಾಣದ ತಿರುವಿಗೂ ಕಾರು ನುಗ್ಗಿಸುತ್ತಿದ್ದ.

ಬೇರೆ ಊರಿನಲ್ಲಿ ಸರ್ವೇಯರ್ ಕೆಲಸ ಸಿಕ್ಕಿತು ಎಂದು ಅವಳು ಬಂದು ಹೇಳಿದ ದಿನ, ಹೇಳಬೇಕಾದದ್ದು ಒಳಗೇ ಉಳಿದು "ಒಳ್ಳೇದಾಯ್ತು" ಎಂಬುದಷ್ಟೇ ಅವನ ಬಾಯಿಂದ ಹೊರಬಂದಿತ್ತು. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ "ಹೂಂ, ಒಳ್ಳೇದೇ ಆಯ್ತು" ಎಂದು ಹೊರಟುಹೋದಳು. ಅಲ್ಲಿಂದಾಚೆಗೆ ಅವನು ರ್‍ಯಾಲಿಯ ಕಡೆ ತಲೆ ಹಾಕಿರಲಿಲ್ಲ. ಬೇರೆಯವರ ಗಾಡಿಗಳನ್ನು ಓಟಕ್ಕೆ ಸಜ್ಜುಮಾಡಿಕೊಡುವ ಈ ವರ್ಕ್‌ಶಾಪೇ ಅವನ ಲೋಕವಾಗಿತ್ತು.

"ಹೇಗಿದೀರಿ?" ಎಂದಳು.

ನೀನು, ಹೋಗೋ, ಬಾರೋ ಎನ್ನುತ್ತಿದ್ದ ಬಾಯಿ. ಆ 'ಇದೀರಿ' ಹಣೆಯ ಪೆಟ್ಟಿಗಿಂತ ಹೆಚ್ಚು ನೋಯಿಸಿತು.

"ಚೆನ್ನಾಗಿದೀನಿ. ಯಾವಾಗ ಬಂದಿದ್ದು?"

"ಒಂದು ತಿಂಗಳಾಯ್ತು. ಇಲ್ಲೇ ರಸ್ತೆ ಸರ್ವೆ ನಡೀತಿದೆ. ಗಾಡಿಗೊಂದು ಇಂಟರ್‌ಕೂಲರ್ ಬೇಕಿತ್ತು."

ಹೊರಗೆ ಒಂದು ನೀಲಿ ಟರ್ಬೊ ಕಾರು ನಿಂತಿತ್ತು. ಅವನು ಬಾನೆಟ್ ಎತ್ತಿದ. ಇಂಜಿನಿನ ಮೇಲೆ ಕಂಪನಿಯವರೇ ಕೂರಿಸಿದ ಪುಟ್ಟ ಇಂಟರ್‌ಕೂಲರ್. ಟರ್ಬೊ ಒತ್ತಿ ಕಳಿಸುವ ಗಾಳಿ ಕಾದಿರುತ್ತದೆ, ಅದನ್ನು ಇಂಜಿನ್ ಸೇರುವ ಮೊದಲೇ ತಣಿಸುವುದು ಅದರ ಕೆಲಸ. ಮುಟ್ಟಿ ನೋಡಿದ. ಕಾವಲಿಯ ಹಾಗೆ ಸುಡುತ್ತಿತ್ತು.

"ಬೆಟ್ಟ ಹತ್ತೋ ರೇಸಿಗೆ," ಎಂದಳು ಅವಳು. "ಮೊದಲನೇ ಸಲ ಚೆನ್ನಾಗಿ ಹತ್ತುತ್ತೆ. ಎರಡನೇ ಸಲಕ್ಕೇ ಏದುಸಿರು. ನಮ್ಮ ಡ್ರೈವರಿಗೆ ದೊಡ್ಡದೇ ಬೇಕಂತೆ."

ನಮ್ಮ ಡ್ರೈವರ್. ಅವನು ಬಾನೆಟ್ಟಿನ ಅಂಚನ್ನು ಒಮ್ಮೆ ಬಟ್ಟೆಯಿಂದ ಒರೆಸಿದ. ಮತ್ತೊಮ್ಮೆ ಒರೆಸಿದ.

"ದೊಡ್ಡದು ಅಂದ್ರೆ ಮುಂದೆ, ಬಂಪರ್ ಹಿಂದೆ ಕೂರುತ್ತೆ. ಗಾಳಿ ಚೆನ್ನಾಗಿ ತಣಿಯುತ್ತೆ. ಆದ್ರೆ ಪೈಪು ಉದ್ದ. ಆಕ್ಸಿಲರೇಟರಿಂದ ಕಾಲು ಎತ್ತಿ ಮತ್ತೆ ಒತ್ತಿದಾಗ ಎಳೆತ ಸ್ವಲ್ಪ ತಡವಾಗುತ್ತೆ. ಅದಕ್ಕೇ ಕೇಳ್ತಿದೀನಿ, ನಿಮ್ಮ ಡ್ರೈವರು ತಿರುವಲ್ಲಿ ಕಾಲು ಎತ್ತುತಾರಾ?"

"ಎತ್ತುತಾರೆ. ಸ್ವಲ್ಪ ಹೊಸಬರು."

"ನಿಮಗೆ ಬೇಕಾದೋರಾ?"

"ತುಂಬಾ." ಅವಳು ಗಂಭೀರವಾಗಿ ತಲೆಯಾಡಿಸಿದಳು. "ಒಂದೇ ಮನೆ. ಒಂದೇ ತಟ್ಟೇಲಿ ಊಟ."

ಅವನ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಓರೆಗಣ್ಣಿನಲ್ಲಿ ನೋಡಿದ. ಅವಳು ಗೋಡೆಯ ಮೇಲಿದ್ದ ಟೈರಿನ ಪೋಸ್ಟರನ್ನು ಅದೆಷ್ಟು ಶ್ರದ್ಧೆಯಿಂದ ಓದುತ್ತಿದ್ದಳು!

"ಅವರಿಗೆ ದೊಡ್ಡದೇ ಬೇಕು ಅಂದ್ರೆ ಅದನ್ನೇ ಹಾಕೋಣ," ಎಂದ ಕೊನೆಗೆ. "ನಾಡಿದ್ದು ಅವರನ್ನೇ ಕರ್ಕೊಂಡು ಬನ್ನಿ. ಒಂದು ಸಲ ಓಡಿಸೋದು ನೋಡ್ಬೇಕು."

ಅವಳು ಹೋದ ಮೇಲೆ ಅಕ್ಕ ಕನ್ನಡಕ ಕೆಳಗಿಳಿಸಿ ತಮ್ಮನನ್ನು ನೋಡಿದಳು. "ಮುಖ ಯಾಕೋ ಹಾಗೆ ಹುಳ್ಳಗಾಗಿದೆ?"

"ಏನಿಲ್ಲ. ಹಣೆ ನೋವು."

"ಹಣೇನಾ? ಸರಿ ಬಿಡು," ಎಂದು ಅಕ್ಕ ಫೋನಿನ ಕಡೆ ತಿರುಗಿದಳು.

ಆ ಎರಡು ದಿನ ಅವನು ಆ ಡ್ರೈವರನ್ನು ಮನಸ್ಸಿನಲ್ಲೇ ಎಷ್ಟು ರೀತಿ ಚಿತ್ರಿಸಿಕೊಂಡನೋ. ಎತ್ತರದವನು, ಅಗಲ ಭುಜದವನು, ಮನಸ್ಸಿನಲ್ಲಿದ್ದದ್ದನ್ನು ಥಟ್ಟನೆ ಹೇಳಿಬಿಡುವಂಥವನು. ಅವನ ಕಿವಿಯಲ್ಲಿ ಈಗ ಅವಳು "ಹೆದರಬೇಡ" ಎನ್ನುತ್ತಿರಬೇಕು. ವೆಲ್ಡಿಂಗ್ ಮಾಡುತ್ತಾ ಕೂತರೂ, ಊಟಕ್ಕೆ ಕೂತರೂ ಅದೇ ಯೋಚನೆ.

ನೀಲಿ ಕಾರು ಮತ್ತೆ ಬಂದು ನಿಂತಾಗ ಒಳಗೆ ಒಬ್ಬರೇ ಇದ್ದರು. ಸ್ಟಿಯರಿಂಗ್ ಹಿಡಿದು ಅವಳೇ ಕೂತಿದ್ದಳು.

"ಡ್ರೈವರ್ ಬರ್ಲಿಲ್ವಾ?"

"ಬಂದಿದಾರಲ್ಲ." ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿಮಾಡಿದಳು, ಅವನ ಕಡೆ ತಿರುಗಿದಳು. "ನೋಡ್ಬೇಕು ಅಂದ್ರಲ್ಲ, ನೋಡಿ."

ಅಕ್ಕ ಕೌಂಟರಿನ ಹಿಂದೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದೆಯ ಮೇಲಿಂದ ಇಡೀ ಕಾರನ್ನೇ ಯಾರೋ ಎತ್ತಿದಂತಾಯಿತು. ಆದರೆ ಮರುಗಳಿಗೆಯೇ ಆ ಬೆಟ್ಟದ ರಸ್ತೆ ಕಣ್ಣಿಗೆ ಕಟ್ಟಿತು. ತಿರುವು, ತಿರುವಿನಾಚೆ ಪ್ರಪಾತ.

ಒಳಗೆ ಹೋದವನು ಬೇರೆಯೇ ಪೆಟ್ಟಿಗೆ ತಂದ.

"ಯೋಚನೆ ಮಾಡಿದೆ. ಇದು ಸಾಕು ಅನ್ಸುತ್ತೆ. ಹಳೇ ಜಾಗದಲ್ಲೇ ಕೂರುತ್ತೆ, ಸ್ವಲ್ಪ ದಪ್ಪ ಅಷ್ಟೇ. ಬಂಪರ್ ಕತ್ತರಿಸೋದು ಬೇಡ. ಪವರ್ ಜಾಸ್ತಿ ಏನೂ ಬೇಕಾಗಿಲ್ಲ."

ಅವಳು ಪೆಟ್ಟಿಗೆ ನೋಡಿದಳು. ನಗು ಹೋಗಿತ್ತು.

"ಮೊನ್ನೆ ದೊಡ್ಡದು ಅಂದೆ."

"ಮೊನ್ನೆ ಬೇರೆ."

"ಏನು ಬೇರೆ? ಅದೇ ಗಾಡಿ, ಅದೇ ಬೆಟ್ಟ. ಓಡಿಸೋದು ಯಾರೋ ಅಂದ್ಕೊಂಡಾಗ ದೊಡ್ಡದು, ನಾನು ಅಂತ ಗೊತ್ತಾದ ಮೇಲೆ ಚಿಕ್ಕದಾ? ಯಾಕೋ?"

ಕೋಪದಲ್ಲಿ 'ನೀವು' ಎಲ್ಲೋ ಕಳಚಿ ಬಿದ್ದಿತ್ತು. ಅವನಿಗೆ ಅದರ ಸಂತೋಷ ಪಡುವಷ್ಟು ಧೈರ್ಯ ಇರಲಿಲ್ಲ.

"ನಂಗೆ ಭಯ ಆಗುತ್ತೆ," ಎಂದ.

"ನಿನ್ನ ಪಕ್ಕದಲ್ಲಿ ಮೂರು ಸೀಸನ್ ಕೂತಿದ್ದೆ. ನನ್ನ ಕೈಯಲ್ಲಿ ಬ್ರೇಕೂ ಇರ್ಲಿಲ್ಲ, ಸ್ಟಿಯರಿಂಗೂ ಇರ್ಲಿಲ್ಲ. ನಂಗೆ ಭಯ ಇರ್ಲಿಲ್ವಾ? ಒಂದು ದಿನ ನಿಧಾನ ಹೋಗು ಅಂದಿದೀನಾ?" ಅವಳ ದನಿ ಸಣ್ಣಗಾಯಿತು. "ನಿನ್ನನ್ನ ನಂಬಿದ್ದೆ ಕಣೋ. ನೀನೂ ಒಂದು ಸಲ ನಂಬಿ ನೋಡು. ಗಾಡಿ ಇಲ್ಲೇ ಇರ್ಲಿ. ಯಾವುದು ಸರಿ ಅನ್ಸುತ್ತೋ ಅದನ್ನ ಹಾಕು. ಸುಳ್ಳು ಮಾತ್ರ ಹಾಕ್ಬೇಡ."

ಕೀಲಿಯನ್ನು ಕೌಂಟರಿನ ಮೇಲಿಟ್ಟು ನಡೆದುಕೊಂಡೇ ಹೋದಳು.

"ಈ ಸಲಾನೂ ಒಳ್ಳೇದಾಯ್ತು ಅಂತ ಸುಮ್ನಿರ್ತೀಯಾ?" ಎಂದಳು ಅಕ್ಕ. ಅವನು ಚಿಕ್ಕ ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟ.

ಆಮೇಲೆ ಪ್ರಾಮಾಣಿಕವಾಗಿ ಯೋಚಿಸಿದ. ತಿರುವಿನಲ್ಲಿ ಕಾಲು ಎತ್ತುವವಳಿಗೆ ಅತಿ ದೊಡ್ಡದು ತಡ ಮಾಡುತ್ತದೆ. ಚಿಕ್ಕದು ಬೇಗ ಕಾದು ಅವಳನ್ನು ಅರ್ಧ ಬೆಟ್ಟದಲ್ಲೇ ಕೈಬಿಡುತ್ತದೆ. ನಡುವಿನ ಅಳತೆಯದೊಂದನ್ನು ಆರಿಸಿದ. ಬಂಪರಿನ ಹಿಂದೆ ಕೂರಿಸಿ, ಅದರ ಜೊತೆ ಬಂದ ಉದ್ದದ ಪೈಪುಗಳನ್ನು ಬಿಟ್ಟು, ಗಾಳಿ ಹತ್ತಿರದ ದಾರಿಯಲ್ಲೇ ಹೋಗುವಂತೆ ತಾನೇ ಪೈಪು ಕತ್ತರಿಸಿ ಬೆಸೆದ. ಅವಳ ಸೀಟನ್ನು ಮಾತ್ರ ಮುಟ್ಟಲಿಲ್ಲ. ಅವಳು ಎಳೆದುಕೊಂಡಷ್ಟೇ ಮುಂದಿತ್ತು ಅದು. ಅದರ ಪಕ್ಕ ಹಾದುಹೋಗುವಾಗಲೆಲ್ಲ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ರಸ್ತೆ ಖಾಲಿಯಿತ್ತು. ರೇಸ್ ಕ್ಲಬ್ಬಿನವರು ಅಭ್ಯಾಸಕ್ಕೆಂದು ಎರಡೂ ಕಡೆ ಗೇಟು ಹಾಕಿಸಿದ್ದರು. ಅವಳು ಬಗ್ಗಿ ಬಂಪರಿನ ಜಾಲರಿಯೊಳಗೆ ಇಣುಕಿದಳು, ಬಾನೆಟ್ ಎತ್ತಿ ಪೈಪಿನ ಬೆಸುಗೆಯನ್ನು ಬೆರಳಿನಿಂದ ಸವರಿದಳು. ತುಟಿಯ ತುದಿ ತುಸು ಮೇಲೆದ್ದಿತು.

"ಬಾ, ಗಾಡಿ ಹತ್ತು. ಗಾಳಿ ಟೆಂಪರೇಚರ್ ನೋಡಿ ಹೇಳೋಕೆ ಒಬ್ರು ಬೇಕು," ಎಂದಳು.

ಜೀವನದಲ್ಲಿ ಮೊದಲ ಸಲ ಅವಳು ಓಡಿಸುವ ಕಾರಿನ ಪಕ್ಕದ ಸೀಟಿನಲ್ಲಿ ಅವನು ಕೂತ. ಹಿಡಿಯಲು ಏನೂ ಇಲ್ಲದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಕಾರು ಹಾರಿತು.

"ಮೂವತ್ತೆಂಟು," ಎಂದ ಹೆಲ್ಮೆಟಿನ ಮೈಕಿನಲ್ಲಿ. "ನಲವತ್ತು." ಮೊದಲ ತಿರುವು ಬಂತು. ಅವಳು ಕಾಲು ಎತ್ತಿ ಮತ್ತೆ ಒತ್ತಿದಳು. ಎಳೆತ ತಡವಾಗಲಿಲ್ಲ. ಹೆಲ್ಮೆಟಿನೊಳಗೆ ಅವಳು ಸಣ್ಣಗೆ ನಕ್ಕದ್ದು ಅವನ ಕಿವಿಗೆ ಬಿತ್ತು.

ಎರಡನೇ ಸಲ ಹತ್ತಿದರು. ಮೂರನೇ ಸಲ ಅವಳು ಇನ್ನೂ ಜೋರಾಗಿ ಹತ್ತಿಸಿದಳು. ಪ್ರಪಾತ ಅವನ ಕಿಟಕಿಯ ಪಕ್ಕದಲ್ಲೇ ಓಡುತ್ತಿತ್ತು. ನಿಧಾನ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಅವಳ ಕೈ ನೋಡಿದ. ಒಂದಿಷ್ಟೂ ನಡುಗುತ್ತಿರಲಿಲ್ಲ.

"ನಲವತ್ತೈದು," ಎಂದ. "ನಲವತ್ತೈದರಲ್ಲೇ ನಿಂತಿದೆ. ನಾಲ್ಕು ವರ್ಷದಿಂದ ನಿನ್ನ ದನಿ ಇಲ್ದೆ ನಂಗೆ ದಾರೀನೇ ಕಾಣ್ತಿಲ್ಲ. ನಲವತ್ತಾರು. ಅವತ್ತು ಒಳ್ಳೇದಾಗಿರ್ಲಿಲ್ಲ ಕಣೇ. ಹೋಗ್ಬೇಡ ಅನ್ಬೇಕಿತ್ತು. ನೀನಂದ್ರೆ ನಂಗಿಷ್ಟ."

ಅವಳು ಕೊನೆಯ ತಿರುವನ್ನು ಕಾಲು ಎತ್ತದೆ ಹಾದು, ತುದಿಯಲ್ಲಿ ಕಾರು ನಿಲ್ಲಿಸಿ, ಹೆಲ್ಮೆಟ್ ತೆಗೆದಳು. ಕಣ್ಣು ತುಂಬಿದ್ದವು.

"ಓಡಿಸೋವಾಗ ಯಾರಾದ್ರೂ ಹೀಗೆಲ್ಲ ಹೇಳ್ತಾರೇನೋ, ಹುಚ್ಚ?"

"ಇಳಿದ್ಮೇಲೆ ಧೈರ್ಯ ಇರ್ತಿರ್ಲಿಲ್ಲ."

"ನಿನಗೋಸ್ಕರ ಬಂದೆ ಅಂತ ಬೀಗ್ಬೇಡ ಮತ್ತೆ. ಮೊದಲನೇ ಸಲ ನಿಜವಾಗ್ಲೂ ಇಂಟರ್‌ಕೂಲರಿಗೇ ಬಂದಿದ್ದು." ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. "ಆದ್ರೆ ನಿನ್ನ ಕೈಯಿಂದ ಆ ಬಟ್ಟೆ ಬಿತ್ತಲ್ಲ, ಅವತ್ತು ಮನೆಗೆ ಹೋಗಿ ನಿದ್ದೆ ಬರ್ಲಿಲ್ಲ ನಂಗೆ."

ಅವನು ಏನೋ ಹೇಳಲು ಹೋದ. ಅವಳು ಅವನ ಕೈ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಬಾನೆಟ್ಟಿನ ಕೆಳಗೆ ಕಾದ ಲೋಹ ತಣಿಯುತ್ತಾ ಟಿಕ್ ಟಿಕ್ ಎನ್ನುತ್ತಿತ್ತು. ಕೆಳಗೆ ಊರಿನ ಮೇಲೆ ಬಿಸಿಲು ಹರಡುತ್ತಿತ್ತು.

"ಇಳಿಯುವಾಗ ನೀನು ಓಡಿಸ್ತೀಯಾ?" ಎಂದು ಕೇಳಿದಳು.

"ಬೇಡ," ಎಂದ ಅವನು, ಸೀಟಿಗೆ ಇನ್ನಷ್ಟು ಒರಗಿ. "ನಂಗೆ ಇಲ್ಲೇ ಚೆನ್ನಾಗಿದೆ."